ಹಗೇವಿನ ರಾಗಿ, ಚಿತ್ತಣ್ಣನ ಬಾಕಿ

ನಾವು ಚಿಕ್ಕವರಿದ್ದ ಕಾಲದಲ್ಲಿ ಧರ್ಮ ಮಾಡುವವರಿಗೆ ತಮಟೆಯವರು ಬೇಕಾಗುತ್ತಿದ್ದರು. ಈಗಿನವರಿಗೆ ಒಂದು ಫೋಟೋ ಸಾಕು. ಆಗ ಫೋಟೋ ತೆಗೆಯುವವನನ್ನು ತುಮಕೂರಿನಿಂದ ಕರೆಸಬೇಕಿತ್ತು, ಅವನ ಖರ್ಚೇ ಧರ್ಮಕ್ಕಿಂತ ಹೆಚ್ಚಾಗುತ್ತಿತ್ತು. ತಮಟೆಯವರಾದರೆ ಊರಲ್ಲೇ ಇದ್ದರು, ಒಂದು ಹೊತ್ತಿನ ಊಟ ಹಾಕಿದರೆ ಬೀದಿಬೀದಿ ಬಡಿದುಕೊಂಡು ಬರುತ್ತಿದ್ದರು. ಮಧುಗಿರಿಯಲ್ಲಿ ನಾನು ಕಂಡ ಮೊದಲ ಧರ್ಮಿಷ್ಠ ಸಾಹುಕಾರ್ ಗಂಗಾಧರಪ್ಪ. ಆತ ಒಬ್ಬ ಹುಡುಗನ ಊಟದ ಬಾಕಿ ತೀರಿಸಿದ್ದನ್ನು ನಿಮಗೆ ಹೇಳಬೇಕು. ನಿಮ್ಮ ಊರಿನಲ್ಲೂ ಇಂಥವರೊಬ್ಬರು ಇದ್ದೇ ಇದ್ದಿರುತ್ತಾರೆ. ಬೇಕಾದರೆ ಹೆಸರು ಬದಲಾಯಿಸಿಕೊಂಡು ಓದಿ.

ಮಹಾರಾಜರು ಆಳುತ್ತಿದ್ದ ಕಾಲ. ಬೆಟ್ಟದ ಬುಡದ ಬೀದಿಯಲ್ಲಿ ಹಳ್ಳಿ ಹುಡುಗರು ಉಳಿದುಕೊಂಡು ಓದಲೆಂದು ಊರಿನ ಹಿರಿಯರು ಒಂದು ವಿದ್ಯಾರ್ಥಿ ನಿಲಯ ನಡೆಸುತ್ತಿದ್ದರು. ನಿಲಯ ಎಂದರೆ ಒಂದು ಹಳೆಯ ತೊಟ್ಟಿಮನೆ, ಹಿತ್ತಲಲ್ಲಿ ಒಂದು ಬಾವಿ, ಬಾವಿಯ ಪಕ್ಕ ಒಂದು ನುಗ್ಗೆಮರ. ಅಲ್ಲಿ ಅಡುಗೆ ಮಾಡುತ್ತಿದ್ದವಳು ನನ್ನ ದೊಡ್ಡಮ್ಮ ಸಿದ್ದಮ್ಮ. ನನ್ನ ತಾಯಿ ತೀರಿಕೊಂಡ ಮೇಲೆ ನಾನೂ ಅವಳ ಜೊತೆ ಅಡುಗೆಮನೆಯ ಮೂಲೆಯಲ್ಲೇ ಬೆಳೆದೆ. ನನಗೆ ಒಂಬತ್ತೋ ಹತ್ತೋ ವರ್ಷವಿರಬೇಕು. ಎಲ್ಲರೂ ನನ್ನನ್ನು ಪುಟ್ಟಿ ಎನ್ನುತ್ತಿದ್ದರು, ದೊಡ್ಡಮ್ಮನನ್ನು ಹುಡುಗರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು.

ನಿಲಯದಲ್ಲಿ ಒಂದು ಪದ್ಧತಿಯಿತ್ತು. ಹುಡುಗರ ಮನೆಯವರು ತಿಂಗಳ ಊಟಕ್ಕೆ ರಾಗಿಯನ್ನೋ ದುಡ್ಡನ್ನೋ ಕೊಡಬೇಕು. ಕೊಡದೆ ಬಾಕಿ ಉಳಿಸಿಕೊಂಡ ಹುಡುಗ ಉಳಿದವರ ಜೊತೆ ಕೂರುವ ಹಾಗಿಲ್ಲ. ಎಲ್ಲರ ಊಟ ಮುಗಿದು, ಎಲೆ ತೆಗೆದು, ನೆಲ ಸಾರಿಸಿದ ಮೇಲೆ ಅವನೊಬ್ಬನೇ ಕೂರಬೇಕು. ಇದಕ್ಕೆ ‘ಬಾಕಿ ಪಂಕ್ತಿ’ ಎಂದು ಹೆಸರು. ಊಟವೇನೂ ಕಡಿಮೆ ಬಡಿಸುತ್ತಿರಲಿಲ್ಲ, ಮರ್ಯಾದೆಯನ್ನು ಮಾತ್ರ ಹಿಡಿದುಕೊಳ್ಳುತ್ತಿದ್ದರು. ಈ ಬುದ್ಧಿವಂತಿಕೆ ಹೊಳೆದದ್ದು ನಿಲಯದ ಸಮಿತಿಯ ಅಧ್ಯಕ್ಷರಾದ ಸಾಹುಕಾರ್ ಗಂಗಾಧರಪ್ಪನವರಿಗೆ. ಆತನದು ಹುಣಸೆಹಣ್ಣಿನ ಮಂಡಿ. ಕೊರಟಗೆರೆ ಕಡೆಯ ಹುಣಸೆಯೆಲ್ಲ ಆತನ ಮಂಡಿಗೇ ಬಂದು ಬೀಳುತ್ತಿತ್ತು. ಆ ತಿಂಗಳುಗಳಲ್ಲಿ ಪೇಟೆಬೀದಿಯಲ್ಲಿ ನಡೆದರೆ ಬಾಯಲ್ಲಿ ತಾನಾಗಿ ನೀರೂರುತ್ತಿತ್ತು. ಆತನಿಗೆ ಮಾತ್ರ ಅದ್ಯಾವುದೂ ತಟ್ಟುತ್ತಿರಲಿಲ್ಲ. ಎರಡು ಮಾತಿಗೊಮ್ಮೆ ಬೆಳ್ಳಿ ಡಬ್ಬಿಯಿಂದ ನಶ್ಯ ತೆಗೆದು ಮೂಗಿಗೆ ಏರಿಸಿ ಏರಿಸಿ, ಆ ಮೂಗು ಬರೀ ಮುಖದ ಅಲಂಕಾರಕ್ಕೆಂದು ಉಳಿದುಕೊಂಡಿತ್ತು.

ಆ ಚಳಿಗಾಲದಲ್ಲಿ ಬಾಕಿ ಪಂಕ್ತಿಗೆ ಬಿದ್ದವನು ಹುಲಿಕುಂಟೆಯ ಚಿತ್ತಣ್ಣ. ಲೋವರ್ ಸೆಕೆಂಡರಿ ಪರೀಕ್ಷೆಗೆ ಕೂರಬೇಕಾದ ಹುಡುಗ. ಉದ್ದನೆಯ ಕಾಲು, ಸದಾ ಕೆದರಿದ ತಲೆ, ಲೆಕ್ಕದಲ್ಲಿ ಇಡೀ ನಿಲಯಕ್ಕೇ ಜಾಣ. ನನಗೆ ಅಳಗುಳಿ ಮಣೆ ಆಡುವುದನ್ನು ಹೇಳಿಕೊಟ್ಟವನು ಅವನೇ. ಹುಣಸೆಬೀಜ ಹಿಡಿದು ನಾನು ಮೋಸ ಮಾಡಿದಾಗಲೆಲ್ಲ ಕಂಡುಹಿಡಿಯುತ್ತಿದ್ದ, ಆದರೆ ಬೈಯುತ್ತಿರಲಿಲ್ಲ. ಅವನ ಅಪ್ಪ ಜುಂಜಣ್ಣ ಕುರಿ ಕಾಯುವವನು. ಮಳೆಗಾಲ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಪಾವಗಡದ ಆಚೆ ತೆಲುಗು ಸೀಮೆಯವರೆಗೂ ಹೋಗಿ, ರೈತರ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಅವರು ಕೊಟ್ಟ ಕಾಳುಕಡ್ಡಿ ದುಡ್ಡು ಕೂಡಿಸಿಕೊಂಡು ಬರುತ್ತಿದ್ದ. ಪ್ರತಿವರ್ಷ ಬಂದು ಎಲ್ಲ ಬಾಕಿಯನ್ನೂ ಒಂದೇ ಸಲ ತೀರಿಸಿ ಹೋಗುವುದು ಅವನ ರೂಢಿ. ಆ ವರ್ಷ ಬರುವುದು ತಡವಾಗಿತ್ತು. ಅಷ್ಟೇ. ಜುಂಜಣ್ಣ ದುಡ್ಡಿಲ್ಲದವನಲ್ಲ, ದೂರ ಇದ್ದವನು. ಇದು ಸಾಹುಕಾರನಿಗೂ ಗೊತ್ತಿತ್ತು, ನಿಲಯ ನೋಡಿಕೊಳ್ಳುತ್ತಿದ್ದ ನಂಜುಂಡಯ್ಯ ಮೇಷ್ಟ್ರಿಗೂ ಗೊತ್ತಿತ್ತು. ಆದರೆ ಒಂದು ತಿಂಗಳು ಕಾಯುವುದರಲ್ಲಿ ಯಾರಿಗೂ ಪುಣ್ಯ ಬರುವುದಿಲ್ಲ, ಅದಕ್ಕೆ ಯಾರೂ ತಮಟೆ ಬಡಿಯುವುದಿಲ್ಲ.

ಸಂಕ್ರಾಂತಿಯ ದಿನ ಸಾಹುಕಾರ ಹುಡುಗರಿಗೆ ಎಳ್ಳು ಹಂಚಲು ಬಂದವನು ಸಣ್ಣದೊಂದು ಭಾಷಣ ಮಾಡಿದ. ಬಡ ವಿದ್ಯಾರ್ಥಿಯೊಬ್ಬ ಬಾಕಿ ಪಂಕ್ತಿಯಲ್ಲಿ ಕೂರುವುದನ್ನು ಕಂಡು ತನಗೆ ಅನ್ನ ಸೇರುತ್ತಿಲ್ಲವೆಂದ. ಆ ಪಂಕ್ತಿ ಮಾಡಿದವನು ತಾನೇ ಎಂಬುದನ್ನು ಹೇಳಲಿಲ್ಲ. ಚಿತ್ತಣ್ಣನ ಬಾಕಿಯನ್ನು ತಾನೇ ತೀರಿಸುವುದಾಗಿ, ಅದನ್ನೂ ದುಡ್ಡಿನಲ್ಲಲ್ಲ, ತನ್ನ ತಾತನ ಕಾಲದ ಹಗೇವಿನ ರಾಗಿಯಲ್ಲೇ ತೀರಿಸುವುದಾಗಿ ಸಾರಿದ. ನಂಜುಂಡಯ್ಯ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಟ್ಟಿದ್ದು ಕಂಡು ಹುಡುಗರೂ ತಟ್ಟಿದರು. ಚಿತ್ತಣ್ಣ ಎಳ್ಳುಬೆಲ್ಲವನ್ನು ಅಂಗೈಯಲ್ಲಿ ಹಿಡಿದುಕೊಂಡು, ಬೆಲ್ಲ ಕರಗಿ ಬೆರಳಿಗೆ ಅಂಟುವವರೆಗೂ ನಿಂತಿದ್ದ.

ಹಗೇವು ನೋಡಿರದವರಿಗೆ ಒಂದು ಮಾತು ಹೇಳುತ್ತೇನೆ. ಮನೆಯ ಅಂಗಳದಲ್ಲಿ ನೆಲ ಅಗೆದು, ಒಳಗೆ ಕೊಠಡಿಯ ಹಾಗೆ ಮಾಡಿ, ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ನೀರು ತಾಗದಿದ್ದರೆ ರಾಗಿ ವರ್ಷಗಟ್ಟಲೆ ಇರುತ್ತಿತ್ತು. ಆದ್ದರಿಂದ ಹಗೇವಿನ ರಾಗಿ ಕೆಡುವುದೇ ಇಲ್ಲ ಎಂಬುದು ದೊಡ್ಡ ಮನೆಗಳವರ ಜಂಬ. ಅದರಲ್ಲೂ ತಾತ ತೋಡಿಸಿದ ಹಗೇವಿನ ರಾಗಿ ಕೆಟ್ಟಿದೆ ಎಂದರೆ ತಾತನೇ ಕೆಟ್ಟವನು ಎಂದಷ್ಟು ಸಿಟ್ಟು ಬರುತ್ತಿತ್ತು ಅವರಿಗೆ.

ಹಗೇವಿನ ಬಾಯಿ ತೆಗೆಯುವ ದಿನ ದೊಡ್ಡಮ್ಮನ ಜೊತೆ ನಾನೂ ಮೊರ ಹಿಡಿದು ಹೋಗಿದ್ದೆ. ಹಿಂದಿನ ದಿನವೇ ಚಪ್ಪಡಿ ಸರಿಸಿ ಕೆಟ್ಟ ಗಾಳಿ ಹೋಗಲು ಬಿಟ್ಟಿದ್ದರು. ಆಳು ಮೊದಲು ಲಾಟೀನಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ದೀಪ ಆರಲಿಲ್ಲ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಾನೂ ಇಳಿದ. ಕೆಳಗಿನಿಂದ ಎದ್ದು ಬಂದ ವಾಸನೆ ನನಗೆ ಈಗಲೂ ನೆನಪಿದೆ. ಕೊಳೆತ ಹುಲ್ಲು, ಒದ್ದೆ ಗೋಣಿ, ಅದರ ಜೊತೆಗೆ ಹುಳಿ ಬಂದ ಕಲಗಚ್ಚಿನ ನಾತ. ನಾನು ಸೆರಗಿಲ್ಲದವಳು, ದೊಡ್ಡಮ್ಮನ ಸೆರಗು ಎಳೆದು ಮೂಗು ಮುಚ್ಚಿಕೊಂಡೆ.

ಒಳಗಿನಿಂದ ಆಳು ಕೂಗಿ ಹೇಳಿದ. "ಬುದ್ಧೀ, ಗ್ವಾಡೆ ಒಸರೈತೆ. ತಳದ್ದು ಗಟ್ಟಿ ಕಟ್ಕೊಂಡು ಕರ್ರಗಾಗೈತೆ."

ಸಾಹುಕಾರ ಒಂದು ಚಿಟಿಕೆ ನಶ್ಯ ಏರಿಸಿ, ಬಗ್ಗಿ, ಗುಂಡಿಯ ಬಾಯಿಗೆ ಮೂಗಿಟ್ಟು ದೀರ್ಘವಾಗಿ ಎಳೆದ. ಆಮೇಲೆ ಸುತ್ತ ನಿಂತವರನ್ನು ನೋಡಿ, ಸಂಪಿಗೆ ಹೂವು ಮೂಸಿದವನ ಹಾಗೆ ತಲೆಯಾಡಿಸಿದ. "ನಮ್ಮ ತಾತನ ಹಗೇವು ಕಣ್ಲಾ ಅದು. ಅದ್ರಾಗೆ ರಾಗಿ ಕೆಡೋದುಂಟಾ? ತುಂಬು."

ಆತನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು, ಇಬ್ಬರು ಗಂಡುಮಕ್ಕಳಿದ್ದರು, ಮಂಡಿಯ ಗುಮಾಸ್ತನಿದ್ದ. ಎಲ್ಲರ ಮೂಗೂ ಸೊಟ್ಟಗಾಗಿತ್ತು. ಒಬ್ಬರಾದರೂ ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ ಯಜಮಾನನಿಗೆ ಎದುರು ಹೇಳುವ ಅಭ್ಯಾಸ ಯಾರಿಗೂ ಇರಲಿಲ್ಲ. ಹಾಗೆ ಎಲ್ಲರೂ ಹೂಂಗುಟ್ಟಿ ಹೂಂಗುಟ್ಟಿಯೇ ಒಬ್ಬ ಪೆದ್ದನನ್ನು ಬೆಳೆಸುವುದು, ಮತ್ತು ಅವನನ್ನು ಊರಿನ ಮೇಲೆ ಬಿಡುವುದು.

ಅಲ್ಲಿಂದ ನಿಲಯ ಕೂಗಳತೆಯ ದೂರ. ಆದರೂ ಮೂಟೆಗಳನ್ನು ಗಾಡಿಗೆ ಹೇರಿ, ಮೂಟೆಗೆ ಚೆಂಡುಹೂವಿನ ಹಾರ ಹಾಕಿ, ಎತ್ತಿನ ಕೊಂಬಿಗೆ ಬಣ್ಣದ ಬಟ್ಟೆ ಸುತ್ತಿ, ಪೇಟೆಬೀದಿ, ಕೋಟೆಬಾಗಿಲು, ಕಚೇರಿಯ ಮುಂಭಾಗ ಎಲ್ಲ ಸುತ್ತಿಸಿಕೊಂಡು ಬಂದರು. ಮುಂದೆ ತಮಟೆ. ತಮಟೆಯ ಹಿಂದೆ, ಗಾಡಿಯ ಮುಂದೆ, ಚಿತ್ತಣ್ಣ. ಬಾಕಿ ಇದ್ದವನು ಯಾರೆಂದು ಜನಕ್ಕೆ ಗೊತ್ತಾಗಬೇಡವೇ? ಅವನನ್ನು ನಡೆಸಲೇಬೇಕೆಂದು ಸಾಹುಕಾರನ ಅಪ್ಪಣೆಯಾಗಿತ್ತು. ಸಿರಾದಿಂದ ಸಂತೆಗೆ ಬಂದಿದ್ದ ಒಬ್ಬ ಸಾಬರು, ಕಂಬಳಿ ಕೊಳ್ಳುವವರು, ಜುಂಜಣ್ಣನನ್ನು ಬಲ್ಲವರು, ಗಾಡಿ ನಿಲ್ಲಿಸಿ ವಿಚಾರಿಸಿದರು. ಇಷ್ಟೇ ಬಾಕಿಯಾದರೆ ಈಗಲೇ ನಾನು ಕೊಡುತ್ತೇನೆ, ಅವನಪ್ಪನ ಹತ್ತಿರ ಆಮೇಲೆ ಇಸಿದುಕೊಳ್ಳುತ್ತೇನೆ, ಹುಡುಗನನ್ನು ಬಿಸಿಲಲ್ಲಿ ಹೀಗೆ ನಡೆಸಬೇಡಿ ಎಂದರು. ಮೇಷ್ಟ್ರು ಅವರನ್ನು ಪಕ್ಕಕ್ಕೆ ಕರೆದು ಏನೋ ಹೇಳಿ ಸಾಗಹಾಕಿದರು. ತಮಟೆ ಮತ್ತೆ ಶುರುವಾಯಿತು.

ಅಂದಿನಿಂದ ಚಿತ್ತಣ್ಣ ಎಲ್ಲರ ಪಂಕ್ತಿಯಲ್ಲಿ ಕೂತ. ಕೂತನೇನೋ ನಿಜ, ಆದರೆ ಅವನ ಎಡಬಲದ ಜಾಗ ಕೆಲವೇ ದಿನಗಳಲ್ಲಿ ಖಾಲಿಯಾಯಿತು. ಕಾರಣ ಆ ರಾಗಿ. ಬೇರೆ ಹುಡುಗರ ಮನೆಯಿಂದ ಬಂದಿದ್ದ ಒಳ್ಳೆಯ ರಾಗಿ ಉಗ್ರಾಣದಲ್ಲಿತ್ತು. ಸಾಹುಕಾರರ ರಾಗಿ ಮೊದಲು ಖರ್ಚಾಗಲಿ, ಅವರು ಬಂದು ಕೇಳಿದರೆ ಏನು ಹೇಳುವುದು ಎಂದು ಮೇಷ್ಟ್ರು ಅದಕ್ಕೆ ಬೀಗ ಹಾಕಿದರು. ದೊಡ್ಡಮ್ಮ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಬಾವಿಕಟ್ಟೆಯ ಮೇಲೆ ಒಣಹಾಕಿದಳು, ತೊಳೆದಳು, ಹುರಿದಳು, ಬೀಸುವಾಗ ಜೋಳ ಬೆರೆಸಿದಳು. ಹಿದುಕಿದ ಅವರೆಬೇಳೆಯ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಜಜ್ಜಿ ಹಾಕಿದಳು. ಬೀದಿಯ ಕೊನೆಯವರೆಗೂ ಸಾರಿನ ಘಮ ಹೋಗುತ್ತಿತ್ತು. ಮುದ್ದೆ ಮುರಿದ ತಕ್ಷಣ ಅದನ್ನೆಲ್ಲ ಮೀರಿಸಿ ಆ ನಾತ ಮೇಲೇಳುತ್ತಿತ್ತು. ನಾಲಗೆಗೆ ಕಹಿ. ನುಂಗಿದ ಮೇಲೂ ಗಂಟಲಲ್ಲಿ ಕೂತಿರುತ್ತಿತ್ತು. ಹುಡುಗರಿಗೆ ಹೊಟ್ಟೆ ಕೆಟ್ಟು ಬೆಳಗಾಗುವುದರೊಳಗೆ ಚೊಂಬು ಹಿಡಿದು ಬೆಟ್ಟದ ಕಡೆ ಓಡುವವರೇ ಎಲ್ಲ.

ಸಾಹುಕಾರನನ್ನು ಬೈಯುವ ಧೈರ್ಯ ಅವರಿಗೆಲ್ಲಿಂದ ಬರಬೇಕು? ಚಿತ್ತಣ್ಣನನ್ನು ಬೈದರು. ನಿನ್ನ ಬಾಕಿಗೆ ನಾವೆಲ್ಲ ಯಾಕೆ ಸಾಯಬೇಕು ಎಂದರು. ಅವನು ಪಕ್ಕ ಬಂದರೆ ಮೂಗು ಹಿಡಿದುಕೊಂಡರು. ಅವನು ಮಾತ್ರ ಎಲೆಯಲ್ಲಿ ಚೂರೂ ಬಿಡದೆ ನುಂಗುತ್ತಿದ್ದ. ಒಂದು ದಿನ ಇನ್ನರ್ಧ ಮುದ್ದೆ ಕೇಳಿ ಹಾಕಿಸಿಕೊಂಡ. ಯಾಕೋ ಎಂದು ದೊಡ್ಡಮ್ಮ ಗದರಿದಾಗ ಅವನು ಹೇಳಿದ್ದು ನನಗೆ ಕೇಳಿಸಿತು. "ಬೇಗ ಖರ್ಚಾಗ್ಲಿ ಅಂತ, ದೊಡ್ಡಮ್ಮ."

ನನಗೆ ಆ ಹುಡುಗರ ಮೇಲೂ ಹೇಸಿಗೆ ಹುಟ್ಟಿತು. ಹಿಂದಿನ ವಾರದವರೆಗೆ ಲೆಕ್ಕ ಹೇಳಿಸಿಕೊಳ್ಳಲು ಅವನ ಚಾಪೆಯ ಸುತ್ತ ಕೂರುತ್ತಿದ್ದವರು ಇವರೇ.

ಶಿವರಾತ್ರಿ ಹತ್ತಿರ ಬಂತು. ಹಬ್ಬ ಕಳೆದ ಮೂರನೆಯ ದಿನ ನಿಲಯದಲ್ಲಿ ಸಾಹುಕಾರನಿಗೆ ಸನ್ಮಾನವೆಂದು ಗೊತ್ತಾಯಿತು. ಸನ್ಮಾನದ ಖರ್ಚು ಆತನದೇ, ಆದರೆ ಮಾಡುವವರು ನಾವು. ತಾಲ್ಲೂಕಿನ ಅಮಲ್ದಾರರು ಬರುತ್ತಾರೆ, ಹುಡುಗರ ಜೊತೆ ಸಹಪಂಕ್ತಿಯಲ್ಲಿ ಊಟ ಮಾಡುತ್ತಾರೆ, ಆಮೇಲೆ ಸಭೆ. ಸಭೆಯಲ್ಲಿ ಬಿನ್ನವತ್ತಳೆ, ಅಂದರೆ ಕಟ್ಟು ಹಾಕಿಸಿದ ಹೊಗಳಿಕೆ. ಅದನ್ನು ಬರೆದವರು ಮೇಷ್ಟ್ರು. ದಾನಶೂರ, ಅನ್ನದಾತ, ಕಲಿಯುಗದ ಕಾಮಧೇನು ಎಂದೆಲ್ಲ ಇತ್ತು. ಓದಬೇಕಾದವನು ಚಿತ್ತಣ್ಣ. ಪರೀಕ್ಷೆಯ ಅರ್ಜಿಯ ಜೊತೆ ಹುಡುಗನ ನಡತೆ ಒಳ್ಳೆಯದೆಂದು ನಿಲಯದ ಅಧ್ಯಕ್ಷರು ರುಜು ಹಾಕಿದ ಪತ್ರ ಹೋಗಬೇಕಿತ್ತು. ಆ ಪತ್ರ ಸನ್ಮಾನದ ಸಂಜೆ ಸಿಗುತ್ತದೆ ಎಂದು ಮೇಷ್ಟ್ರು ಅವನಿಗೆ ಹೇಳಿದರು. ಇನ್ನೇನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹಬ್ಬದ ಮುನ್ನಾದಿನ ಜುಂಜಣ್ಣ ಬಂದ. ಮಂದೆಯನ್ನು ಊರಾಚೆ ತಮ್ಮನ ವಶಕ್ಕೆ ಬಿಟ್ಟು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಹಿಂದೆ ಕೆಂಪ ಎನ್ನುವ ಮಂದೆಯ ನಾಯಿ. ಅವನು ಜಗುಲಿಗೆ ಬಂದರೆ ಉಣ್ಣೆಯ ವಾಸನೆ, ಬೀಡಿಯ ವಾಸನೆ ಒಟ್ಟಿಗೆ ಬರುತ್ತಿತ್ತು. ದೊಡ್ಡಮ್ಮ ಅಪ್ಪ ಮಗ ಇಬ್ಬರನ್ನೂ ಅಡುಗೆಮನೆಯ ಹಿಂದೆ ಕೂರಿಸಿ ಬಡಿಸಿದಳು. ಜುಂಜಣ್ಣ ಮೊದಲ ತುತ್ತು ನುಂಗಿ ಒಂದು ಗಳಿಗೆ ಕೈ ನಿಲ್ಲಿಸಿದ. ಬಡಿಸಿದ್ದನ್ನು ಬಿಡುವ ಜನವಲ್ಲ ಅವರು, ಪೂರ್ತಿ ಮುಗಿಸಿದ. ರೂಢಿಯಂತೆ ನಾಯಿಗೆಂದು ಕೊನೆಯಲ್ಲಿ ಉಳಿಸಿದ್ದ ತುಂಡನ್ನು ಅದರ ಮುಂದೆ ಇಟ್ಟ. ವಾರಗಟ್ಟಲೆ ನಡೆದು ಪಕ್ಕೆಲುಬು ಎಣಿಸುವ ಹಾಗಾಗಿದ್ದ ನಾಯಿ ಅದು. ಓಡಿ ಬಂದು ಮೂಸಿತು. ಮೂತಿ ಹಿಂದಕ್ಕೆ ಎಳೆದುಕೊಂಡಿತು. ಜುಂಜಣ್ಣ ತೆಲುಗು ಸೀಮೆಯಲ್ಲಿ ಅಭ್ಯಾಸವಾಗಿದ್ದ ಹಾಗೆ "ತಿನ್ರಾ, ತಿನ್ರಾ" ಎಂದು ಪುಸಲಾಯಿಸಿದ. ಕೆಂಪ ಅವನ ಮುಖ ನೋಡಿ, ಮುದ್ದೆ ನೋಡಿ, ಮುಖ ತಿರುಗಿಸಿ ಹೋಗಿ ನುಗ್ಗೆಮರದ ಬುಡದಲ್ಲಿ ಮಲಗಿಬಿಟ್ಟಿತು.

ಜುಂಜಣ್ಣ ಮಗನ ಕಡೆ ತಿರುಗಿದ. "ಇದ್ನ ನೀನು ದಿನಾ ತಿಂತಿದ್ಯೇನ್ಲಾ?"

ಚಿತ್ತಣ್ಣ ತಲೆ ತಗ್ಗಿಸಿ ಹೂಂ ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಗಾಡಿಯ ಮುಂದೆ ನಡೆದದ್ದನ್ನು ಮಾತ್ರ ಬಿಟ್ಟ, ಅದನ್ನು ನಾನು ಹೇಳಿದೆ.

ಜುಂಜಣ್ಣ ನೇರ ಮೇಷ್ಟ್ರ ಕೋಣೆಗೆ ಹೋದ. ಸೊಂಟದ ಚೀಲ ಬಿಚ್ಚಿ ದುಡ್ಡನ್ನು ಮೇಜಿನ ಮೇಲಿಟ್ಟು, ಪೂರ್ತಿ ಬಾಕಿ ತೆಗೆದುಕೊಳ್ಳಿ, ಸಾಹುಕಾರರ ರಾಗಿ ಅವರಿಗೇ ವಾಪಸು ಕಳಿಸಿ ಎಂದ. ಮೇಷ್ಟ್ರು ದುಡ್ಡು ಮುಟ್ಟಲಿಲ್ಲ. ಹಾವು ಕಂಡವರಂತೆ ಹಿಂದೆ ಸರಿದು ಕೈ ಮುಗಿದರು. ಸಭೆಯಲ್ಲಿ ಕೊಟ್ಟದ್ದನ್ನು ಹಿಂದಿರುಗಿಸಿದರೆ ಸಾಹುಕಾರರ ಮರ್ಯಾದೆಯೇನು, ಅಮಲ್ದಾರರಿಗೆ ಆಗಲೇ ಆಹ್ವಾನ ಹೋಗಿದೆ, ಬಾಕಿಯೇ ಇಲ್ಲದ ಹುಡುಗನಿಂದ ಬಿನ್ನವತ್ತಳೆ ಓದಿಸುವುದು ಹೇಗೆ, ನಿಮ್ಮ ಮಗನ ನಡತೆಯ ಪತ್ರ ಇನ್ನೂ ಅವರ ಕೈಯಲ್ಲಿದೆ, ಸ್ವಲ್ಪ ಯೋಚನೆ ಮಾಡಿ. ತನ್ನ ಮಗನ ಊಟದ ಬಾಕಿ ತೀರಿಸಲು ದುಡ್ಡು ಹಿಡಿದು ನಿಂತ ಅಪ್ಪನಿಗೆ, ನೀನು ತೀರಿಸುವ ಹಾಗಿಲ್ಲ ಎಂದು ಹೇಳಿದ ಪ್ರಪಂಚದ ಮೊದಲ ಮೇಷ್ಟ್ರು ನಮ್ಮ ನಂಜುಂಡಯ್ಯನವರೇ ಇರಬೇಕು. ಅವರು ಕೆಟ್ಟವರಲ್ಲ ಎಂದು ಆಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ. ಇರಬಹುದು. ಬೆನ್ನುಮೂಳೆಯಿಲ್ಲದೆ ಒಳ್ಳೆಯವರಾಗಿರುವುದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಹಿತ್ತಲಿಗೆ ಬಂದು ಅಪ್ಪ ಮಗ ರಾಗಿ ಕೇರುತ್ತಿದ್ದ ದೊಡ್ಡಮ್ಮನ ಪಕ್ಕ ಕೂತರು. ಚಿತ್ತಣ್ಣನೇ ಮೊದಲು ಮಾತಾಡಿದ. "ನಾನು ಅದ್ನ ಓದಕಿಲ್ಲ, ದೊಡ್ಡಮ್ಮ. ಎಲ್ರ ಮುಂದೆ ನಿಂತ್ಕಂಡು, ರಾಗಿ ಕೆಟ್ಟೈತೆ, ನಾಯೂ ಮುಟ್ಟಲ್ಲ ಅಂತ ಯೋಳ್ಬುಡ್ತೀನಿ."

ದೊಡ್ಡಮ್ಮ ಮೊರ ಕೆಳಗಿಟ್ಟಳು. ಅವಳ ಮನಸ್ಸಿನಲ್ಲೂ ಅದೇ ಇತ್ತೆಂದು ನನಗೆ ಗೊತ್ತು. ಆದರೂ ಅವಳು ಹೇಳಿದ್ದು ಬೇರೆ. "ಪರೀಕ್ಷೆ ಹೋಗ್ಬುಡ್ತದೆ ಕಣಪ್ಪ. ಇಷ್ಟು ದಿನ ಮುದ್ದೆ ನುಂಗಿದ್ದೀಯ, ಇದೊಂದ್ನೂ ನುಂಗು. ಬರ್ದು ಪಾಸ್ ಮಾಡು. ಆಮ್ಯಾಕೆ ಅವನ ಮಂಡಿ ಮುಂದೆ ನಿಂತ್ಕಂಡು ಯೋಳು."

ಚಿತ್ತಣ್ಣ ಅಪ್ಪನ ಮುಖ ನೋಡಿದ. ಜುಂಜಣ್ಣ ಬೀಡಿ ಹಚ್ಚಿದವನು, ನಿನಗೆ ಹೆಂಗೆ ತೋಚುತ್ತದೋ ಹಂಗೆ ಮಾಡು ಎಂದಷ್ಟೇ ಹೇಳಿದ. ಚಿತ್ತಣ್ಣ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ. "ಆಮ್ಯಾಕೆ ಯೋಳೇ ಯೋಳ್ತೀನಿ. ಪುಟ್ಟಿ, ನೀನೇ ಸಾಕ್ಷಿ."

ಸನ್ಮಾನದ ದಿನ ತೊಟ್ಟಿಗೆ ಮಾವಿನ ತೋರಣ, ಬಾಗಿಲಿಗೆ ಬಾಳೆಕಂಬ. ಪಾಯಸ, ಹೋಳಿಗೆ, ಕೋಸಂಬರಿ ಎಲ್ಲ ಆಗಿತ್ತು. ತನ್ನ ಹಗೇವಿನ ರಾಗಿಯ ಮುದ್ದೆಯೂ ಎಲೆಗೆ ಬೀಳಬೇಕು, ಅಮಲ್ದಾರರು ರುಚಿ ನೋಡಬೇಕು ಎಂದು ಸಾಹುಕಾರ ಹೇಳಿಕಳಿಸಿದ್ದ. ಮೇಷ್ಟ್ರಿಗೆ ಬೆವರು ಕಿತ್ತುಬಂತು. ಉಗ್ರಾಣದ ಬೀಗ ತೆಗೆದು, ಇವತ್ತೊಂದು ದಿನ ಒಳ್ಳೆಯ ರಾಗಿಯಲ್ಲೇ ಮಾಡು ಎಂದು ದೊಡ್ಡಮ್ಮನನ್ನು ಬೇಡಿಕೊಂಡರು. ದೊಡ್ಡಮ್ಮ ತಲೆಯಾಡಿಸಿದಳು, ಮಾಡಿದ್ದು ಮಾತ್ರ ಸಾಹುಕಾರನ ರಾಗಿಯಲ್ಲೇ. ಜೋಳ ಬೆರೆಸಲಿಲ್ಲ, ತೊಳೆಯಲಿಲ್ಲ, ಹುರಿಯಲಿಲ್ಲ. ತಳದ ಕಪ್ಪು ಗಂಟುಗಳನ್ನು ಕುಟ್ಟಿ ಸೇರಿಸಿದಳು. ಹುಡುಗ ಹೇಳದಿದ್ದರೆ ಮುದ್ದೆಯೇ ಹೇಳಲಿ ಎಂಬುದು ಅವಳ ಹಂಚಿಕೆ. ನಾನು ಕಂಬದ ಮರೆಯಲ್ಲಿ ನಿಂತೆ.

ಸಾಹುಕಾರ ಮುದ್ದೆ ಮುರಿದ. ಸಾರಿನಲ್ಲಿ ಅದ್ದಿ ಗುಳುಂ ಎಂದು ನುಂಗಿದ. ಇನ್ನೊಂದು ತುತ್ತು, ಮತ್ತೊಂದು. ಆಮೇಲೆ ಕಣ್ಣು ಮುಚ್ಚಿ ಉದ್ಗಾರ ತೆಗೆದ. ಆಹಾ, ಹಗೇವಿನ ರಾಗಿಯ ರುಚಿಯೇ ರುಚಿ, ಇನ್ನೊಂದು ಹಾಕು ಸಿದ್ದಮ್ಮ ಎಂದ. ಆತ ನಾಟಕ ಮಾಡುತ್ತಿರಲಿಲ್ಲ. ಅದೇ ನನಗೆ ಇನ್ನೂ ಅಸಹ್ಯ ತರಿಸುವುದು. ಮೂಗಿನ ಜೊತೆ ಆತನ ನಾಲಗೆಯೂ ಸತ್ತಿತ್ತು, ನಿಜವಾಗಿಯೂ ಆತನಿಗೆ ಏನೂ ತಿಳಿಯಲಿಲ್ಲ. ಮೋಸಗಾರನಾಗಿದ್ದರೆ ನಾನು ಬೈದು ಮರೆಯುತ್ತಿದ್ದೆ. ಇದು ಮೋಸಗಾರನಾಗುವಷ್ಟೂ ಯೋಗ್ಯತೆಯಿಲ್ಲದ ಆಸಾಮಿ.

ಪಕ್ಕದಲ್ಲಿ ಅಮಲ್ದಾರರು. ಜರಿ ಪೇಟ, ಕನ್ನಡಕ, ದೊಡ್ಡ ಓದು ಓದಿದವರು. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಸಾಹುಕಾರನ ಕಡೆ ನೋಡಿದರು. ಆತ ಎರಡನೆಯ ಮುದ್ದೆಗೆ ಕೈ ಹಾಕಿದ್ದ. ಹೇಗಿದೆ ಸ್ವಾಮಿ ಎಂದು ಕೇಳಿದ. ಅಮಲ್ದಾರರು ಎರಡು ಗುಟುಕು ನೀರು ಕುಡಿದು, ಬಹಳ ಚೆನ್ನಾಗಿದೆ, ಇಂಥ ಮುದ್ದೆ ತಿಂದೇ ಇರಲಿಲ್ಲ ಎಂದರು. ಎರಡನೆಯ ಮಾತಂತೂ ನಿಜವೇ. ಮೇಷ್ಟ್ರು ಚೆನ್ನಾಗಿದೆ ಎಂದರು. ಸಮಿತಿಯವರು ಚೆನ್ನಾಗಿದೆ ಎಂದರು. ತಿಂಗಳಿಂದ ಚೊಂಬು ಹಿಡಿದು ಓಡುತ್ತಿದ್ದ ಹುಡುಗರೂ ಚೆನ್ನಾಗಿದೆ ಎಂದರು. ದೊಡ್ಡಮ್ಮ ಕೈಯಲ್ಲಿ ಸೌಟು ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ ಒಲೆಗೆ ನೀರು ಸುರಿದುಬಿಟ್ಟಳು.

ಸಭೆಯಲ್ಲಿ ಚಿತ್ತಣ್ಣ ಬಿನ್ನವತ್ತಳೆ ಓದಿದ. ಎಲ್ಲಿಯೂ ತಡವರಿಸಲಿಲ್ಲ. ಅನ್ನದಾತ ಎನ್ನುವಲ್ಲಿ ಮಾತ್ರ ಒಂದು ಸಲ ತಲೆಯೆತ್ತಿ ನನ್ನ ಕಡೆ ನೋಡಿದ. ಹಿಂದಿನ ಬಾಗಿಲಲ್ಲಿ ಅವನಪ್ಪ ನಿಂತಿದ್ದ, ನಾಲ್ಕು ದಿನದಿಂದ ಯಾರೂ ಮುಟ್ಟದ ದುಡ್ಡಿನ ಚೀಲ ಸೊಂಟದಲ್ಲೇ ಇತ್ತು. ನಡತೆಯ ಪತ್ರ ಸಿಕ್ಕಿತು. ಪರೀಕ್ಷೆಯಲ್ಲಿ ಚಿತ್ತಣ್ಣ ತಾಲ್ಲೂಕಿಗೇ ಮೊದಲು ಬಂದ. ಆ ವಿಷಯ ತಿಳಿದಾಗ ಅವನು ಹುಲಿಕುಂಟೆಯಲ್ಲಿದ್ದ, ಅಲ್ಲಿಂದಲೇ ಮುಂದಿನ ಓದಿಗೆ ತುಮಕೂರಿಗೆ ಹೋದನೆಂದು ಕೇಳಿದೆವು. ಮಂಡಿಯ ಮುಂದೆ ಬಂದು ನಿಲ್ಲುತ್ತಾನೆಂದು ದೊಡ್ಡಮ್ಮ ಒಂದೆರಡು ವರ್ಷ ಕಾದಳು. ನಶ್ಯದ ಡಬ್ಬಿ ತಲೆದಿಂಬಿನ ಬಳಿ ಇಟ್ಟುಕೊಂಡೇ ಸಾಹುಕಾರ ನೆಮ್ಮದಿಯಾಗಿ ಸತ್ತ. ತಾತನ ಹಗೇವಿನಲ್ಲಿ ರಾಗಿ ಕೆಡುವುದಿಲ್ಲವೆಂದು ಕೊನೆಯವರೆಗೂ ನಂಬಿಕೊಂಡಿದ್ದ.

ನಾನು ಓದಿ ಮೇಷ್ಟ್ರಮ್ಮನಾದೆ, ಪಾವಗಡದಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಮಹಾರಾಜರ ಆಳ್ವಿಕೆ ಹೋಯಿತು, ಅಮಲ್ದಾರರು ತಹಸೀಲ್ದಾರರಾದರು, ಹಗೇವುಗಳನ್ನು ಮುಚ್ಚಿ ಅದರ ಮೇಲೆ ಜನ ಮನೆ ಕಟ್ಟಿಕೊಂಡರು. ನಾನು ನಿವೃತ್ತಳಾಗುವ ವರ್ಷ ನಮ್ಮ ಶಾಲೆಗೆ ಒಬ್ಬ ದೊಡ್ಡ ಮನುಷ್ಯರು ಬಂದರು. ದೊಡ್ಡ ಹುದ್ದೆಗಳನ್ನೆಲ್ಲ ಏರಿ ಇಳಿದವರು, ಬಡ ಮಕ್ಕಳ ಬಾಕಿ ಶುಲ್ಕ ಕಟ್ಟುವುದರಲ್ಲಿ ಹೆಸರು ಮಾಡಿದವರು. ಕಾರಿನಿಂದ ಇಳಿದವನು ಚಿತ್ತಣ್ಣ. ಕಾಲು ಆಗಿನಷ್ಟೇ ಉದ್ದ, ತಲೆಯಲ್ಲಿ ಕೆದರಲು ಕೂದಲಿರಲಿಲ್ಲ.

ಕುರಿ ಕಾಯುವವರ ಮನೆಯ ಒಬ್ಬ ಹುಡುಗಿಯನ್ನು ವೇದಿಕೆಗೆ ಕರೆದರು. ಅವಳ ಬಾಕಿ ಎಷ್ಟೆಂದು ಮೈಕಿನಲ್ಲಿ ಹೇಳಿದರು. ಅವಳಪ್ಪ ಮಂದೆಯ ಜೊತೆ ಆಂಧ್ರದ ಕಡೆ ಹೋಗಿದ್ದಾನೆ, ಬರುತ್ತಾನೆ ಎಂದು ನಾನು ಮೊದಲೇ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಫೋಟೋದವನು ಅವಳ ಗಲ್ಲ ಹಿಡಿದು ಮುಖ ಎತ್ತಿಸಿದ. ಚಿತ್ತಣ್ಣ ಭಾಷಣ ಮಾಡಿದ. ತಾನೂ ಇಂಥ ಮಗುವೇ ಆಗಿದ್ದೆನೆಂದ. ಮಧುಗಿರಿಯ ಒಬ್ಬ ಪುಣ್ಯಾತ್ಮರು ತನ್ನ ಬಾಕಿ ತೀರಿಸಿದ್ದರಿಂದಲೇ ಇಲ್ಲಿಯವರೆಗೆ ಬಂದೆನೆಂದ. ಆ ಹಗೇವಿನ ರಾಗಿಯ ಮುದ್ದೆಯ ರುಚಿ ಇವತ್ತಿಗೂ ತನ್ನ ನಾಲಗೆಯ ಮೇಲಿದೆಯೆಂದ. ಆಗ ಅವನ ಕಣ್ಣು ಒದ್ದೆಯಾಗಿತ್ತು, ಸುಳ್ಳಿಗೆ ಬರುವ ನೀರಾಗಿರಲಿಲ್ಲ ಅದು.

ಕಾಫಿಯ ಹೊತ್ತಿನಲ್ಲಿ ನಾನೇ ಹತ್ತಿರ ಹೋಗಿ ಗುರುತು ಹೇಳಿಕೊಂಡೆ. ನಿಜಕ್ಕೂ ಸಂತೋಷಪಟ್ಟ, ದೊಡ್ಡಮ್ಮನನ್ನು ನೆನೆದ, ಅಳಗುಳಿ ಮಣೆಯನ್ನು ನೆನೆದ. ನಾನು ತಡೆಯಲಾರದೆ ಕೇಳಿದೆ.

"ಚಿತ್ತಣ್ಣ, ಪರೀಕ್ಷೆ ಆದ್ಮೇಲೆ ಸಾಹುಕಾರನಿಗೆ ಹೇಳ್ತೀನಿ ಅಂದಿದ್ದೆ. ರಾಗಿ ಕೆಟ್ಟಿತ್ತು ಅಂತ."

ಅವನು ನನ್ನ ತಲೆಯ ಮೇಲೆ ಕೈಯಿಟ್ಟು, ಆಗಿನ ಹಾಗೆಯೇ ನಕ್ಕ. "ಎಲ್ಲಿ ಕೆಟ್ಟಿತ್ತು ಪುಟ್ಟಿ? ನೀನು ಆಗ ತುಂಬ ಚಿಕ್ಕವಳು, ನಿನಗೆ ನೆನಪಿಲ್ಲ."

ಸಾಕ್ಷಿ ಹೇಳಲು ಬಂದವಳು ಕಾಫಿ ಲೋಟ ಕೆಳಗಿಟ್ಟು ಮನೆಗೆ ಬಂದೆ. ದಾರಿಯುದ್ದಕ್ಕೂ ನಾವು ಏನೇನು ಕಳೆದುಕೊಂಡೆವೆಂದು ಎಣಿಸುತ್ತಿದ್ದೆ. ನಿಲಯದ ತೊಟ್ಟಿಮನೆ ಹೋಯಿತು, ನುಗ್ಗೆಮರ ಹೋಯಿತು, ಬೆಳ್ಳುಳ್ಳಿ ಜಜ್ಜಿದ ಸಾರಿನ ಘಮ ದೊಡ್ಡಮ್ಮನ ಜೊತೆಯೇ ಹೋಯಿತು. ಅದಕ್ಕೆಲ್ಲ ನಾನು ಅಷ್ಟಾಗಿ ಮರುಗುವವಳಲ್ಲ. ವೇದಿಕೆಯ ಮೇಲೆ ಆ ಹುಡುಗಿ ತಲೆ ತಗ್ಗಿಸಿ ನಿಂತಾಗ ಇಡೀ ಶಾಲೆ ಚಪ್ಪಾಳೆ ತಟ್ಟಿತ್ತು, ಅಭ್ಯಾಸಬಲದಿಂದ ನನ್ನ ಕೈಯೂ ತಟ್ಟಿತ್ತು. ಅಂದು ಮಧುಗಿರಿಯಲ್ಲಿ ಕಡೇಪಕ್ಷ ಒಂದು ನಾಯಿಯಾದರೂ ಮುಖ ತಿರುಗಿಸಿತ್ತು.